ಗಣಕಯಂತ್ರದ ಪೂರ್ವಾಚಾರ್ಯರೂ ಅವರ ಸೂತ್ರಗಳ ಗುಣದೋಷವಿಚಾರವೂ

(ಮೆಲ್ಕಾರಿನ ಶಿಷ್ಯಸಭೆಯಲ್ಲಿ ಮಾಡಿದ ಉಪನ್ಯಾಸ)

 

ಮಠದ ಮಹೋತ್ಸವದ ಕಾಲದಲ್ಲಿ ಗಣಕಯಂತ್ರದ ವಿಚಾರವೇತಕ್ಕೆಂದು ಕೆಲವರಿಗೆ ತೋರಬಹುದು. ಮಠದ ಆಸ್ತಿಗಳಲ್ಲಿ ಹಿರಿದಾದುದು ಗ್ರಂಥ. ಆ ಗ್ರಂಥದ ಅಕ್ಷರವು ಒಂದು ಕಾಲದಲ್ಲಿ ತಾಳೆಗರಿಯ ಮೇಲಿದ್ದಿತು. ಅಲ್ಲಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿನ ಮೊಳೆಗೆ ಬಂದಿತು. ಈಗ ಗಣಕಯಂತ್ರದ ಒಡಲನ್ನು ಸೇರಿರುವುದು. ಅಲ್ಲಿ ಅದು ಕ್ಷೇಮವಾಗಿದೆಯೇ ಎಂಬುದನ್ನು ವಿಚಾರಿಸುವುದು ಗ್ರಂಥವನ್ನು ನಂಬಿದವರೆಲ್ಲರ ಕರ್ತವ್ಯವಾಗಿರುವುದು.

ಕ್ಷೇಮವಾಗಿಲ್ಲವೆಂಬುದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಮೆಲ್ಕಾರಿನಲ್ಲಾಗಲಿ ಬಂಟ್ವಾಳದ ಪೇಟೆಯಲ್ಲಾಗಲಿ ಇಪ್ಪತ್ತು ವರ್ಷಗಳ ಹಿಂದೆ ಬೆರಳಚ್ಚು ಮಾಡಿಸಿಟ್ಟ ಕನ್ನಡದ ಬರಹವೊಂದನ್ನು ಇಂದು ಬೇರೊಂದು ಯಂತ್ರದಲ್ಲಿ ತೆರೆದು ನೋಡಿದವರಿಗೆ ಆ ಅನುಭವವುಂಟು. ಕನ್ನಡವಿರಬೇಕಾದ ಪುಟದ ತುಂಬ ಇಂಗ್ಲಿಷಿನ ಬಿಡಿ ಅಕ್ಷರಗಳು, ನಡುನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆಗಳು, ತಲೆಯ ಮೇಲೆ ಗೀಟು ಚುಕ್ಕಿಗಳನ್ನು ಹೊತ್ತ ಪರದೇಶದ ವರ್ಣಗಳು. ಬರೆದವನು ತಪ್ಪು ಬರೆದುದಲ್ಲ. ಹುಳು ತಿಂದುದೂ ಅಲ್ಲ. ಹಾಗಾದರೆ ಈ ಅನರ್ಥಕ್ಕೆ ಕಾರಣವೇನು? ಕಾರಣವು ಗಣಕಯಂತ್ರದ ಪೂರ್ವಾಚಾರ್ಯರು ಅರುವತ್ತು ವರ್ಷಗಳ ಹಿಂದೆ ಮಾಡಿದ ಕೆಲವು ನಿರ್ಣಯಗಳಲ್ಲಿರುವುದು. ಆ ನಿರ್ಣಯಗಳ ಗುಣದೋಷವಿಚಾರವೇ ಈ ಉಪನ್ಯಾಸದ ವಿಷಯ.

ಹಿಂದಿನವರ ರಚನೆಯನ್ನು ವಿಮರ್ಶಿಸುವುದಕ್ಕೆ ಪಾಠಶಾಲೆಯಲ್ಲಿ ಓದಿದವರಿಗೆ ಒಂದು ಕ್ರಮವು ಗೊತ್ತಿರುವುದು. ಪಾಣಿನಿಯ ಸೂತ್ರಗಳಿಗೆ ಕಾತ್ಯಾಯನನು ವಾರ್ತಿಕವನ್ನು ರಚಿಸಿದನು. ಪತಂಜಲಿಯು ಭಾಷ್ಯವನ್ನು ಬರೆದನು. ವಾರ್ತಿಕಕಾರನು ನೋಡತಕ್ಕವು ಮೂರು. ಸೂತ್ರಕಾರನು ಹೇಳಿದುದು ಉಕ್ತ, ಹೇಳದೆ ಬಿಟ್ಟುದು ಅನುಕ್ತ, ಸರಿಯಾಗಿ ಹೇಳದೆ ಹೋದುದು ದುರುಕ್ತ. ಹೀಗೆ ನೋಡುವವನಿಗೆ ಸೂತ್ರಕಾರನಲ್ಲಿ ದ್ವೇಷವಿರಲಾಗದು, ಕುರುಡು ಭಕ್ತಿಯೂ ಇರಲಾಗದು. ತಾಳೆಗರಿಯ ಲಿಪಿಕಾರನ ವಿಷಯದಲ್ಲಿಯೂ ಹಾಗೆಯೇ. ಅವನು ಕಂಠವನ್ನು ಹಿಡಿದು ಪದಪದಗಳ ನಡುವೆ ತೆರಪಿಲ್ಲದಂತೆ ಸಾಲು ತುಂಬಿಸಿದನು, ಏಕೆಂದರೆ ಗರಿಯು ಕಿರಿದು, ಅದನ್ನು ಹದಮಾಡುವ ಶ್ರಮವು ಹಿರಿದು. ಅವನನ್ನು ಯಾರೂ ನಿಂದಿಸುವುದಿಲ್ಲ. ಆದರೆ ಕಾಗದವು ಸುಲಭವಾದ ಈ ಕಾಲದಲ್ಲಿ ತೆರಪಿಲ್ಲದೆ ಅಚ್ಚು ಮಾಡುವವರು ಯಾರೂ ಇಲ್ಲ. ಕೊರತೆಯಿಂದ ಹುಟ್ಟಿದ ನಿಯಮವು ಕೊರತೆಯು ನೀಗಿದ ಮೇಲೆ ಸಡಿಲಬೇಕು. ಸಡಿಲದೆ ಉಳಿದಲ್ಲಿ ಏನಾಗುವುದೆಂಬುದಕ್ಕೆ ಗಣಕಯಂತ್ರದ ಇತಿಹಾಸವೇ ನಿದರ್ಶನ.

ಮೊದಲು ಉಕ್ತವನ್ನು ನೋಡೋಣವಾಗಲಿ. ಯಂತ್ರದ ಬಿಡಿಭಾಗಗಳನ್ನೆಲ್ಲ ಒಂದು ಆಡಳಿತಕ್ಕೊಳಪಡಿಸಿ, ಯಾವ ಕೆಲಸಕ್ಕೆ ಎಷ್ಟು ಜಾಗ, ಎಷ್ಟು ವೇಳೆ, ಯಾವ ಕಡತವು ಎಲ್ಲಿ ಎಂಬುದನ್ನು ನಿರ್ಣಯಿಸುವ ಮೂಲ ತಂತ್ರಾಂಶವನ್ನು ಕಾರ್ಯಾಚರಣ ವ್ಯವಸ್ಥೆಯೆನ್ನುವರು. ಮಠದ ಪಾರುಪತ್ಯಗಾರನಂತೆ ಅದು; ಭಕ್ತನ ಕಣ್ಣಿಗೆ ಹೆಚ್ಚಾಗಿ ಬೀಳದು, ಅದಿಲ್ಲದೆ ಒಲೆಯೂ ಉರಿಯದು. ಅಮೆರಿಕ ದೇಶದಲ್ಲಿ 1960ರ ದಶಕದ ನಡುವೆ ಮಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆ, ಜನರಲ್ ಎಲೆಕ್ಟ್ರಿಕ್, ಬೆಲ್ ಪ್ರಯೋಗಶಾಲೆ ಈ ಮೂವರೂ ಕೂಡಿ ಮಲ್ಟಿಕ್ಸ್ ಎಂಬ ಬೃಹತ್ ವ್ಯವಸ್ಥೆಯೊಂದನ್ನು ಕಟ್ಟತೊಡಗಿದರು. ಅದರ ಸಂಕಲ್ಪವು ಹಿರಿದಾಗಿದ್ದಿತು, ಕೆಲಸವು ಸಾಗಲಿಲ್ಲ. 1969ರಲ್ಲಿ ಬೆಲ್ ಪ್ರಯೋಗಶಾಲೆಯವರು ಅದರಿಂದ ಹೊರಬಂದರು. ಅದೇ ವರ್ಷ ಅಲ್ಲಿನ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಎಂಬ ವಿದ್ವಾಂಸರು ಒಂದು ಹಳೆಯ ಚಿಕ್ಕ ಯಂತ್ರದ ಮೇಲೆ ಯುನಿಕ್ಸ್ ಎಂಬ ಚಿಕ್ಕ ವ್ಯವಸ್ಥೆಯನ್ನು ರಚಿಸಿದರು. 1973ರಲ್ಲಿ ಅದನ್ನು ರಿಚಿಯವರೇ ನಿರ್ಮಿಸಿದ ಸಿ ಎಂಬ ಭಾಷೆಯಲ್ಲಿ ಮರಳಿ ಬರೆದರು.

ಯುನಿಕ್ಸಿನ ತತ್ತ್ವವು ಸೂತ್ರಕಾರರ ತತ್ತ್ವವೇ. ಒಂದು ಕ್ರಮವಿಧಿಯು ಒಂದೇ ಕೆಲಸವನ್ನು ಮಾಡಲಿ, ಅದನ್ನು ಚೆನ್ನಾಗಿ ಮಾಡಲಿ. ಒಂದರಿಂದ ಹೊರಟ ಬರಹವು ಮತ್ತೊಂದಕ್ಕೆ ಹೋಗಲಿ. 1973ರಲ್ಲಿ ಡಗ್ಲಸ್ ಮೆಕಿಲ್‌ರಾಯ್ ಎಂಬವರ ಸೂಚನೆಯಂತೆ ಇದಕ್ಕೆ ಕೊಳವೆಯೆಂಬ ಉಪಾಯವು ಬಂದಿತು. ಬೆಟ್ಟದ ನೀರನ್ನು ಅಡಕೆಯ ಮರದ ದಂಬೆಗಳ ಮೂಲಕ ಒಂದರಿಂದೊಂದಕ್ಕೆ ಹರಿಸಿ ತೋಟಕ್ಕೆ ತರುವಂತೆ, ಚಿಕ್ಕ ಚಿಕ್ಕ ಕ್ರಮವಿಧಿಗಳ ಮೂಲಕ ಬರಹವನ್ನು ಹರಿಸಿ ದೊಡ್ಡ ಕಾರ್ಯವನ್ನು ಸಾಧಿಸುವುದು. ಇದು ಇಂದಿಗೂ ಅಳಿಯದ ಗುಣ. ಇಂದು ಕೈಯಲ್ಲಿ ಹಿಡಿವ ಆಂಡ್ರಾಯ್ಡ್ ಫೋನುಗಳೊಳಗಿನ ಲಿನಕ್ಸ್ ತಿರುಳು ಯುನಿಕ್ಸಿನ ಮಾದರಿಯನ್ನು ಅನುಸರಿಸಿದುದೇ ಆಗಿರುವುದು.

ಅರ್ಧ ಮಾತ್ರೆಯು ಉಳಿದರೂ ವೈಯಾಕರಣರಿಗೆ ಪುತ್ರೋತ್ಸವದಷ್ಟು ಹರ್ಷವೆಂದು ಹೇಳುವುದುಂಟು. ಯುನಿಕ್ಸಿನ ಆಚಾರ್ಯರೂ ಅಂಥವರೇ. ಪಟ್ಟಿಯನ್ನು ತೋರಿಸೆಂಬುದಕ್ಕೆ ಎಲ್‌ಎಸ್, ಪ್ರತಿ ಮಾಡೆಂಬುದಕ್ಕೆ ಸಿಪಿ, ಅಳಿಸೆಂಬುದಕ್ಕೆ ಆರ್‌ಎಂ, ಹೀಗೆ ಎರಡೆರಡು ಅಕ್ಷರಗಳ ಆಜ್ಞೆಗಳು. ಸೃಷ್ಟಿಸೆಂಬ ಅರ್ಥದ ಕ್ರಿಯೇಟ್ ಶಬ್ದದ ಕೊನೆಯ ಇ ಅಕ್ಷರವನ್ನೂ ಬಿಟ್ಟುಬಿಟ್ಟರು. ಯುನಿಕ್ಸನ್ನು ಮತ್ತೊಮ್ಮೆ ರಚಿಸುವುದಾದರೆ ಏನನ್ನು ತಿದ್ದುವಿರೆಂದು ಮುಂದೆ ಯಾರೋ ಕೇಳಿದಾಗ, ಆ ಇ ಅಕ್ಷರವನ್ನು ಸೇರಿಸುವುದಾಗಿ ಥಾಂಪ್ಸನ್ನರು ವಿನೋದವಾಗಿ ಉತ್ತರಿಸಿದರೆಂದು ಪ್ರತೀತಿ. ಈ ಲಾಘವಕ್ಕೆ ಕಾರಣವುಂಟು. ಆಗಿನ ಯಂತ್ರದೊಡನೆ ಮಾತಾಡುವ ಸಾಧನವು ಟೆಲಿಟೈಪ್ ಎಂಬ ಬೆರಳಚ್ಚಿನ ಯಂತ್ರ. ಅದರ ವೇಗ ಸೆಕೆಂಡಿಗೆ ಸುಮಾರು 10 ಅಕ್ಷರ. ಒಂದೊಂದು ಅಕ್ಷರಕ್ಕೂ ಬೆಲೆಯಿದ್ದ ಕಾಲವದು.

ಇನ್ನು ಪೂರ್ವಪಕ್ಷ. ಅಳಿಸೆಂಬ ಆಜ್ಞೆಯನ್ನು ಕೊಟ್ಟರೆ ಯುನಿಕ್ಸ್ ಮರುಮಾತಾಡದೆ ಅಳಿಸುವುದು; ನಿಜವಾಗಿಯೂ ಅಳಿಸಲೋ ಎಂದು ತಾನಾಗಿ ಕೇಳದು. ಎರಡಕ್ಷರದ ಆಜ್ಞೆಗಳನ್ನು ಬಲ್ಲವನು ಬಲ್ಲ. ಹೊಸಬನಿಗೆ ಅವು ವೃತ್ತಿಯಿಲ್ಲದ ಸೂತ್ರಗಳು. ಈ ಬಗೆಯ ದೂರುಗಳನ್ನೆಲ್ಲ ಕೂಡಿಸಿ 1994ರಲ್ಲಿ ಕೆಲವರು ಯುನಿಕ್ಸ್ ದ್ವೇಷಿಗಳ ಕೈಪಿಡಿಯೆಂಬ ಅರ್ಥದ ಹೆಸರಿಟ್ಟು ಒಂದು ಪುಸ್ತಕವನ್ನೇ ಪ್ರಕಟಿಸಿದರು. ಅದರಲ್ಲಿ ಮೆಚ್ಚತಕ್ಕ ಸಂಗತಿಯೊಂದುಂಟು. ಅದಕ್ಕೆ ಪ್ರತಿ-ಮುನ್ನುಡಿಯನ್ನು ಬರೆದವರು ಸಾಕ್ಷಾತ್ ಡೆನಿಸ್ ರಿಚಿಯವರೇ. ಖಂಡನಗ್ರಂಥದ ಮೊದಲಲ್ಲಿಯೇ ಖಂಡಿತನಾದವನಿಗೆ ಮಾತನಾಡಲು ಅವಕಾಶವನ್ನಿತ್ತುದು ವಾದಸಭೆಯ ಮರ್ಯಾದೆಗೆ ಒಪ್ಪುವ ಕಾರ್ಯ.

ಇನ್ನೊಬ್ಬ ವಿಮರ್ಶಕರು ರಿಚರ್ಡ್ ಗೇಬ್ರಿಯಲ್. 1991ರಲ್ಲಿ ಪ್ರಕಟವಾದ ಅವರ ಪ್ರಬಂಧವು ಎರಡು ಸಂಪ್ರದಾಯಗಳನ್ನು ಹೋಲಿಸಿತು. ರಚನೆಯು ಸರ್ವಾಂಗಸುಂದರವಾಗಿರಬೇಕು, ಒಳಗೆ ಎಷ್ಟು ಶ್ರಮವಾದರೂ ಬಳಸುವವನಿಗೆ ತೊಡಕಾಗಬಾರದೆಂಬುದು ಒಂದು. ಕಟ್ಟುವವನಿಗೆ ಸುಲಭವಾಗಿರಲಿ, ಅಷ್ಟಿಷ್ಟು ಊನವಿದ್ದರೂ ಬೇಗನೆ ಜನರ ಕೈಸೇರಲಿ, ಆಮೇಲೆ ತಿದ್ದಿದರಾಯಿತೆಂಬುದು ಇನ್ನೊಂದು. ಎರಡನೆಯದೇ ಲೋಕದಲ್ಲಿ ಹಬ್ಬಿತೆಂಬುದು ಅವರ ಸಿದ್ಧಾಂತ. ಇದು ಒಪ್ಪತಕ್ಕ ಮಾತು. ಮಲ್ಟಿಕ್ಸಿನ ಪೂರ್ಣತೆಯು ಕೆಲವೇ ಯಂತ್ರಗಳಲ್ಲಿ ನಿಂತಿತು. ಯುನಿಕ್ಸಿನ ಊನತೆಯು ಲೋಕವನ್ನೆಲ್ಲ ಸುತ್ತಿತು. ಆದರೆ ಆಮೇಲೆ ತಿದ್ದಿದರಾಯಿತೆಂಬ ಮಾತಿನ ಭಾರವು ಯಾರ ಮೇಲೆ ಬೀಳುವುದೆಂಬುದನ್ನು ಮರೆಯಲಾಗದು.

ದುರುಕ್ತಕ್ಕೆ ಸಿ ಭಾಷೆಯಿಂದ ಒಂದು ಉದಾಹರಣೆಯು ಸಾಕು. ಅದರಲ್ಲಿ ಹೊರಗಿನಿಂದ ಬಂದ ಬರಹವನ್ನು ಒಂದು ಪಾತ್ರೆಗೆ ತುಂಬುವ ಗೆಟ್ಸ್ ಎಂಬ ವಿಧಿಯೊಂದಿದ್ದಿತು. ಪಾತ್ರೆಯು ಎಷ್ಟು ಹಿಡಿಸುವುದೆಂದು ಅದು ಕೇಳುತ್ತಿರಲಿಲ್ಲ. ಸೇರಿನ ಪಾತ್ರೆಗೆ ಹತ್ತು ಸೇರು ಅಕ್ಕಿಯನ್ನು ಸುರಿದರೆ ಉಳಿದುದು ನೆಲಕ್ಕೆ ಬೀಳುವುದು; ಯಂತ್ರದಲ್ಲಾದರೋ ಅದು ಪಕ್ಕದ ಪಾತ್ರೆಯಲ್ಲಿದ್ದುದನ್ನು ಕೆಡಿಸಿ ತಾನೇ ಅಲ್ಲಿ ಕುಳಿತುಕೊಳ್ಳುವುದು. 1988ರ ನವೆಂಬರ್ 2ರಂದು ವಿದ್ಯಾರ್ಥಿಯೊಬ್ಬನು ಬಿಟ್ಟ ಸ್ವಯಂಚಾಲಿತ ಕ್ರಮವಿಧಿಯೊಂದು ಈ ದೋಷವನ್ನೂ ಒಂದು ದಾರಿಯಾಗಿ ಹಿಡಿದು, ಆಗಿನ ಅಂದಾಜಿನಂತೆ ಸುಮಾರು 6,000 ಯಂತ್ರಗಳನ್ನು ಹೊಕ್ಕು ಕಂಗೆಡಿಸಿತು. ಗೆಟ್ಸ್ ವಿಧಿಯನ್ನು ಸಿ ಭಾಷೆಯ ಪ್ರಮಾಣದಿಂದ ತೆಗೆದುಹಾಕಿದುದು 2011ರಲ್ಲಿ. ಅಪಾಯವು ಕಣ್ಣಿಗೆ ಕಂಡ ಮೇಲೆಯೂ ತಿದ್ದುಪಡಿಗೆ 23 ವರ್ಷಗಳಾದುವು. ಟೋನಿ ಹೋರ್ ಎಂಬ ಆಂಗ್ಲ ವಿದ್ವಾಂಸರು ತಾವು 1965ರಲ್ಲಿ ಭಾಷೆಯೊಂದರಲ್ಲಿ ಸೇರಿಸಿದ ಶೂನ್ಯಸೂಚಕವೆಂಬ ಕಲ್ಪನೆಯಿಂದಾದ ಅಪಾರ ನಷ್ಟಕ್ಕಾಗಿ 2009ರಲ್ಲಿ ಸಭೆಯ ಮುಂದೆ ಕ್ಷಮೆಯನ್ನು ಬೇಡಿದರು. ಅದನ್ನು ಸೇರಿಸಿದುದಕ್ಕೆ ಅವರು ಕೊಟ್ಟ ಕಾರಣ, ಹಾಗೆ ಮಾಡುವುದು ಬಹಳ ಸುಲಭವಾಗಿದ್ದಿತೆಂಬುದು. ಸ್ವದೋಷವನ್ನು ಸಭೆಯಲ್ಲಿ ಒಪ್ಪಿಕೊಳ್ಳುವ ಆಚಾರ್ಯನು ಯಾವ ದೇಶದವನಾದರೂ ಗೌರವಾರ್ಹನು.

ಕಾಲಗಣನೆಯ ವಿಷಯದಲ್ಲಿಯೂ ಇಂತಹ ದುರುಕ್ತವುಂಟು. ಯುನಿಕ್ಸ್ ವ್ಯವಸ್ಥೆಯು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುವುದು. ಆ ಎಣಿಕೆಗೆ 32 ಬಿಟ್ಟುಗಳ ಜಾಗವನ್ನಷ್ಟೇ ಇಟ್ಟ ಹಳೆಯ ಯಂತ್ರಗಳಲ್ಲಿ, 2038ರ ಜನವರಿ 19ರಂದು ಭಾರತೀಯ ಕಾಲಮಾನದಂತೆ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಜಾಗವು ತುಂಬಿಹೋಗುವುದು. ಹೊಸ ಯಂತ್ರಗಳಲ್ಲಿ 64 ಬಿಟ್ಟುಗಳನ್ನಿಟ್ಟು ಇದನ್ನು ತಿದ್ದಿರುವರು; ತಿದ್ದದೆ ಉಳಿದವನ್ನು ಹುಡುಕುವುದು ಶೇಷಕಾರ್ಯ.

ಆದರೆ ಕನ್ನಡಿಗರಿಗೆ ಎಲ್ಲಕ್ಕಿಂತ ಹೆಚ್ಚು ಹಾನಿಯಾದುದು ಅನುಕ್ತದಿಂದ. ಬರಹವು ಒಂದು ಕ್ರಮವಿಧಿಯಿಂದ ಇನ್ನೊಂದಕ್ಕೆ ಹರಿಯಲಿ ಎಂದರಷ್ಟೆ. ಆ ಬರಹವು ಯಾರ ಬರಹ? ಅದನ್ನು ಅವರು ಹೇಳಲಿಲ್ಲ. ಹೇಳಬೇಕೆಂದು ಅವರಿಗೆ ತೋರಲೂ ಇಲ್ಲ. ಬರಹವೆಂದರೆ ಇಂಗ್ಲಿಷೆಂಬುದು ಅವರ ಮೌನದೊಳಗೆ ಅಡಗಿದ್ದಿತು. ಯಂತ್ರಕ್ಕೆ ಅಂಕೆಯಲ್ಲದೆ ಅಕ್ಷರವು ತಿಳಿಯದು. ಆದುದರಿಂದ ಅಕ್ಷರಕ್ಕೊಂದು ಅಂಕೆಯನ್ನು ಗೊತ್ತುಮಾಡಬೇಕು. 1963ರಲ್ಲಿ ಪ್ರಕಟವಾಗಿ 1967ರಲ್ಲಿ ಪರಿಷ್ಕೃತವಾದ ಆಸ್ಕಿ ಎಂಬ ಪ್ರಮಾಣದಲ್ಲಿ ಇದ್ದ ಮನೆಗಳು 128. ಅವುಗಳಲ್ಲಿ 33 ಯಂತ್ರದ ನಿಯಂತ್ರಣಕ್ಕೆ ಹೋದುವು. ಉಳಿದ 95 ಮನೆಗಳಲ್ಲಿ ಇಂಗ್ಲಿಷಿನ ಅಕ್ಷರಗಳೂ ಅಂಕೆಗಳೂ ವಿರಾಮಚಿಹ್ನೆಗಳೂ ನೆಲಸಿದುವು. ಒಂದು ಅಕ್ಷರಕ್ಕೆ ಒಂದು ಮನೆ, ಒಂದು ಮನೆಗೆ ಒಂದು ಆಕಾರ. ಇಂಗ್ಲಿಷಿಗೆ ಇದು ಸಾಕು. ಗುಣಿತವೂ ಒತ್ತಕ್ಷರವೂ ಸೇರಿ ನೂರಾರು ರೂಪಗಳನ್ನು ತಾಳುವ ಕನ್ನಡಕ್ಕೆ ಇದರಲ್ಲಿ ಎಡೆಯೆಲ್ಲಿ?

ವೈಯಾಕರಣರ ಮತದಲ್ಲಿ ವರ್ಣವೆಂದರೆ ಧ್ವನಿ. ಬರೆದ ಆಕಾರವು ಅದರ ಗುರುತು. ಯಂತ್ರದ ಹಳೆಯ ವ್ಯವಸ್ಥೆಗಳಿಗಾದರೋ ಬಿಡಿ ಧ್ವನಿಗಳಿಂದ ಕೂಡಿದ ಆಕಾರವನ್ನು ಕಟ್ಟುವ ವಿದ್ಯೆಯೇ ಇರಲಿಲ್ಲ. ಆದುದರಿಂದ ಕನ್ನಡದ ತಂತ್ರಾಂಶಗಳನ್ನು ಮಾಡಿದವರು ಬೇರೆ ದಾರಿಯಿಲ್ಲದೆ, ಅಕ್ಷರಗಳನ್ನು ತುಂಡುಗಳಾಗಿ ಕಡಿದು, ಇಂಗ್ಲಿಷು ಮತ್ತು ಯುರೋಪಿನ ಇತರ ಭಾಷೆಗಳ ವರ್ಣಗಳಿದ್ದ ಮನೆಗಳಲ್ಲಿ ಒಂದೊಂದು ತುಂಡನ್ನು ಕೂರಿಸಿದರು. 1998ರಲ್ಲಿ ಬಂದ ಬರಹ, ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ, ಇವುಗಳ ಹಳೆಯ ಅಕ್ಷರರೂಪಗಳು ಈ ಬಗೆಯವು. ಅವುಗಳ ಉಪಕಾರವನ್ನು ಕನ್ನಡ ನಾಡು ಮರೆಯಲಾಗದು. ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ, ಮಠಗಳಲ್ಲಿ ಕನ್ನಡವು ಯಂತ್ರವನ್ನು ಹೊಕ್ಕುದು ಅವುಗಳ ಬಾಗಿಲಿನಿಂದಲೇ. ದೋಷವು ಬಾಗಿಲಿನದಲ್ಲ, ಕನ್ನಡಕ್ಕೆ ಕೋಣೆಯನ್ನೇ ಇಡದೆ ಮನೆಯನ್ನು ಕಟ್ಟಿದವರದು.

ಆ ಪದ್ಧತಿಯಲ್ಲಿ ಕನ್ನಡವೆಂಬ ಶಬ್ದವನ್ನೇ ನೋಡಬಹುದು. ಕಕಾರದ ಒಡಲು ಇಂಗ್ಲಿಷಿನ ಪಿ ಅಕ್ಷರದ ಮನೆಯಲ್ಲಿ. ಅದರ ತಲೆಕಟ್ಟು, ತಲೆಯ ಮೇಲೆ ಗೀಟುಳ್ಳ ಎ ಅಕ್ಷರದ ಮನೆಯಲ್ಲಿ. ನಕಾರದ ಒಡಲು ಪೌಂಡಿನ ಚಿಹ್ನೆಯ ಮನೆಯಲ್ಲಿ. ಅದಕ್ಕೆ ಮತ್ತೆ ಅದೇ ತಲೆಕಟ್ಟು. ನಕಾರದ ಒತ್ತು ಜರ್ಮನರ ವರ್ಣವೊಂದರ ಮನೆಯಲ್ಲಿ. ಡಕಾರದ ಒಡಲು ಕ್ಯೂ ಅಕ್ಷರದ ಮನೆಯಲ್ಲಿ, ಪುನಃ ತಲೆಕಟ್ಟು. ಹೀಗೆ ಏಳು ತುಂಡುಗಳು. ಆ ಅಕ್ಷರರೂಪವಿಲ್ಲದ ಯಂತ್ರದಲ್ಲಿ ಮನೆಗಳ ಮೂಲನಿವಾಸಿಗಳೇ ಹೊರಗೆ ಬಂದು ನಿಲ್ಲುವರು. ಮೊದಲಲ್ಲಿ ಹೇಳಿದ ವಿಚಿತ್ರಕ್ಕೆ ಇದೇ ಕಾರಣ.

ಹಾನಿಯು ಇಷ್ಟಕ್ಕೇ ಮುಗಿಯಲಿಲ್ಲ. ಅಲ್ಲಿ ಮಕಾರಕ್ಕೆ ಸ್ವಂತದ ಒಡಲಿಲ್ಲ. ವಕಾರಕ್ಕೆ ಉಕಾರದ ಕೊಂಬನ್ನು ಸೇರಿಸಿದರೆ ಅದೇ ಮಕಾರ. ಕಣ್ಣಿಗೆ ಇದು ಸರಿ, ವ್ಯಾಕರಣಕ್ಕೆ ಮಹಾಪರಾಧ. ಪವರ್ಗದ ಅನುನಾಸಿಕವೆಲ್ಲಿ, ಅವರ್ಗೀಯವಾದ ವಕಾರವೆಲ್ಲಿ? ಯಂತ್ರದಲ್ಲಿ ವಕಾರವನ್ನು ಹುಡುಕಹೋದರೆ ಮಕಾರಗಳೂ ಎದ್ದು ಬರುವುವು. ಯಕಾರವು ಇಂಗ್ಲಿಷಿನ ಎ ಅಕ್ಷರದ ಮನೆಯಿಂದಲೂ ಅಕಾರವು ಸಿ ಅಕ್ಷರದ ಮನೆಯಿಂದಲೂ ಮೊದಲಾಗುವುದರಿಂದ, ಅಕಾರಾದಿಯಾಗಿ ಜೋಡಿಸೆಂದರೆ ಯಂತ್ರವು ಯಕಾರವನ್ನು ಅಕಾರಕ್ಕಿಂತ ಮುಂದಿಡುವುದು. ಧರ್ಮವೆಂಬ ಶಬ್ದದಲ್ಲಿ ನಾಲಗೆಯು ಮೊದಲು ರೇಫವನ್ನೂ ಆಮೇಲೆ ಮಕಾರವನ್ನೂ ನುಡಿವುದು. ಹಳೆಯ ಕಡತದಲ್ಲಿ ಮಕಾರವು ಮುಂದೆ, ರೇಫವು ಹಿಂದೆ. ಪುಸ್ತಕವು ಅಚ್ಚಾಗಿ ಬಂದಾಗ ಈ ಯಾವ ದೋಷವೂ ಕಾಣಲಿಲ್ಲ. ಆದುದರಿಂದಲೇ ಬಹುಕಾಲ ಯಾರೂ ಎಚ್ಚರಗೊಳ್ಳಲಿಲ್ಲ.

ಧ್ವನಿಯೇ ಮೊದಲೆಂಬ ತತ್ತ್ವವನ್ನು ಯಂತ್ರದ ಕೀಲಿಮಣೆಗೆ ತಂದವರು ಈ ಸೀಮೆಯವರೇ ಎಂಬುದು ಮೆಲ್ಕಾರಿನ ಸಭೆಗೆ ಸಂತೋಷದ ವಿಷಯ. ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ 1940ರಲ್ಲಿ ಜನಿಸಿದ ಕೆ. ಪಿ. ರಾವ್ ಅವರು, ವ್ಯಂಜನವನ್ನೂ ಸ್ವರವನ್ನೂ ಉಚ್ಚಾರದ ಕ್ರಮದಲ್ಲಿ ಒತ್ತಿದರೆ ಗುಣಿತವನ್ನೂ ಒತ್ತನ್ನೂ ಯಂತ್ರವೇ ಕಟ್ಟಿಕೊಳ್ಳುವಂತಹ ಕೀಲಿಮಣೆಯ ವಿನ್ಯಾಸವನ್ನು ರಚಿಸಿದರು. ತಮ್ಮ ಕನ್ನಡ ತಂತ್ರಾಂಶಕ್ಕೆ ಅವರಿಟ್ಟ ಹೆಸರು ಸೇಡಿಯಾಪು. ಛಂದಸ್ಸು, ಶಬ್ದಾರ್ಥವಿಚಾರಗಳಲ್ಲಿ ಪ್ರಖ್ಯಾತರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿಗಾಗಿ ಇಟ್ಟ ಹೆಸರದು. ನುಡಿಯ ಕೀಲಿಮಣೆಯೂ ಈ ವಿನ್ಯಾಸವನ್ನೇ ಅನುಸರಿಸಿತು. ಹೀಗೆ ಕೈಯು ಧ್ವನಿಯನ್ನು ಒತ್ತಿತು; ಆದರೆ ಹಳೆಯ ವ್ಯವಸ್ಥೆಗಳ ದೆಸೆಯಿಂದ ಯಂತ್ರದ ಒಡಲಲ್ಲಿ ತುಂಡು ಆಕಾರಗಳೇ ಉಳಿದುವು.

ಆ ಕೊರತೆಯನ್ನು ನೀಗಿದುದು ಯುನಿಕೋಡ್. ಲೋಕದ ಲಿಪಿಗಳಿಗೆಲ್ಲ ಬೇರೆಬೇರೆ ಅಂಕೆಗಳನ್ನು ಗೊತ್ತುಮಾಡುವ ಈ ಪ್ರಮಾಣವು 1991ರಲ್ಲಿ ಪ್ರಕಟವಾಯಿತು. ಭಾರತ ಸರಕಾರದ ಇಸ್ಕಿ ಪ್ರಮಾಣದ ಕ್ರಮವನ್ನು ಅನುಸರಿಸಿ ಕನ್ನಡಕ್ಕೆ 3200ರಿಂದ 3327ರ ವರೆಗಿನ 128 ಮನೆಗಳನ್ನಿತ್ತಿತು. ಅಕಾರಕ್ಕೆ 3205, ಕಕಾರಕ್ಕೆ 3221, ಮಕಾರಕ್ಕೆ 3246, ವಕಾರಕ್ಕೆ 3253. ಇಲ್ಲಿ ಮಕಾರವು ವಕಾರದ ಬಾಲವಲ್ಲ. ಇದನ್ನು ಹಳೆಯ ಯುನಿಕ್ಸ್ ಕಡತಗಳು ಕೆಡದಂತೆ ಯಂತ್ರದಲ್ಲಿ ಬರೆದಿಡುವ ಯುಟಿಎಫ್-8 ಎಂಬ ಉಪಾಯವನ್ನು 1992ರಲ್ಲಿ ರಾಬ್ ಪೈಕರೊಡನೆ ಕೂಡಿ ಕಂಡುಹಿಡಿದವರು ಯಾರು? ಅದೇ ಕೆನ್ ಥಾಂಪ್ಸನ್ನರು. ಅದರ ಮೊದಲ ರಚನೆಯನ್ನು ಭೋಜನಶಾಲೆಯೊಂದರಲ್ಲಿ ತಟ್ಟೆಯ ಕೆಳಗಿನ ಹಾಸುಕಾಗದದ ಮೇಲೆ ಬರೆದರು. ಸೂತ್ರಕಾರನೇ ವಾರ್ತಿಕವನ್ನೂ ಬರೆದನೆಂದರೆ ಅದಕ್ಕಿಂತ ಹೆಚ್ಚಿನ ಭಾಗ್ಯವುಂಟೇ? ಆದರೂ 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬರುವ ವರೆಗೆ ಜನಸಾಮಾನ್ಯರ ವಿಂಡೋಸ್ ಯಂತ್ರಗಳಿಗೆ ಕನ್ನಡದ ಆಕಾರವನ್ನು ಕಟ್ಟುವ ಶಕ್ತಿಯು ಬರಲಿಲ್ಲ.

ಯುನಿಕೋಡೂ ನಿರ್ದುಷ್ಟವಲ್ಲ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ವಿಚಾರಿಸಿದ ರಳವು, ಎಂದರೆ ಹಳಗನ್ನಡದ ೞ ಅಕ್ಷರವು, 3294ನೆಯ ಮನೆಯಲ್ಲಿರುವುದು. ಮನೆಯ ಬಾಗಿಲ ಮೇಲೆ ಮಾತ್ರ ಫಾ ಎಂಬ ತಪ್ಪು ಹೆಸರನ್ನು ಬರೆದುಬಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸಲಾಗದೆಂಬುದು ಯುನಿಕೋಡಿನ ನಿಯಮ, ಬದಲಿಸಿದರೆ ಅದನ್ನು ನಂಬಿದ ಕ್ರಮವಿಧಿಗಳು ಕೆಡುವುವು. ಆದುದರಿಂದ ಸೂತ್ರವನ್ನು ಹಾಗೆಯೇ ಉಳಿಸಿ, ಸರಿಯಾದ ಹೆಸರನ್ನು ತಿದ್ದುಪಡಿಯೆಂದು ಪಕ್ಕದಲ್ಲಿ ಬರೆದರು. ಕಾತ್ಯಾಯನನು ಮಾಡಿದುದೂ ಇದನ್ನೇ.

ಇದರಿಂದ ಮಠಕ್ಕೇನು? ಫ. ಗು. ಹಳಕಟ್ಟಿಯವರು ಮನೆಮನೆಯ ತಾಳೆಗರಿಯ ಕಟ್ಟುಗಳನ್ನು ಹುಡುಕಿ ತಂದು, 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚುಮಾಡಿಸದೆ ಇದ್ದಿದ್ದರೆ ಎಷ್ಟು ವಚನಗಳು ಹುಳುವಿನ ಪಾಲಾಗುತ್ತಿದ್ದುವೋ ಹೇಳಲಾಗದು. ಮುಂದೆ ಸಮಗ್ರ ವಚನ ಸಾಹಿತ್ಯವು 15 ಸಂಪುಟಗಳಲ್ಲಿ ಬಂದಿತು. ಆ 20,000ಕ್ಕೂ ಮಿಕ್ಕ ವಚನಗಳು ವಚನ ಸಂಚಯವೆಂಬ ಜಾಲತಾಣದಲ್ಲಿ ಯುನಿಕೋಡಿನಲ್ಲಿ ಇರುವುದರಿಂದ, ಒಂದು ಪದವು ಯಾವ ಯಾವ ಶರಣರ ವಚನಗಳಲ್ಲಿ ಬಂದಿದೆಯೆಂದು ಇಂದು ಕ್ಷಣಮಾತ್ರದಲ್ಲಿ ನೋಡಬಹುದು. ಆದರೆ ಊರೂರಿನ ಮಠಗಳಲ್ಲಿ ಬೆರಳಚ್ಚಾಗಿ ಹಳೆಯ ಅಕ್ಷರರೂಪಗಳಲ್ಲಿಯೇ ಕುಳಿತಿರುವ ಪುರಾಣಗಳು, ಶಾಸನಪಾಠಗಳು, ಗುರುಪರಂಪರೆಯ ಚರಿತ್ರೆಗಳು, ಪ್ರವಚನಗಳು ಇನ್ನೂ ಉಳಿದಿರುವುವು. ಅವು ಇಂದಿನ ತಾಳೆಗರಿಗಳು. ಅವುಗಳನ್ನು ಓದಬಲ್ಲ ಯಂತ್ರಗಳು ಒಂದೊಂದಾಗಿ ಕೆಡುತ್ತಲಿರುವುವು.

ಮಾಡತಕ್ಕುದು ಕಠಿನವಲ್ಲ. ಹಳೆಯ ಕಡತಗಳ ಪಟ್ಟಿಯನ್ನು ಮಾಡಬೇಕು. ಅವುಗಳನ್ನು ಯುನಿಕೋಡಿಗೆ ಪರಿವರ್ತಿಸಬೇಕು. ಅದಕ್ಕೆ ಬೇಕಾದ ಪರಿವರ್ತಕಗಳು ದೊರೆಯುವುವು. ಪರಿವರ್ತಕವು ರೇಫದಲ್ಲಿಯೂ ಒತ್ತಿನಲ್ಲಿಯೂ ತಪ್ಪಬಹುದಾದುದರಿಂದ, ಗ್ರಂಥವನ್ನು ಬಲ್ಲವರು ಮೂಲದೊಡನೆ ಅಕ್ಷರಶಃ ಹೋಲಿಸಿ ತಿದ್ದಬೇಕು. ಈ ಕೆಲಸವು ಯಂತ್ರಜ್ಞನೊಬ್ಬನಿಂದಾಗದು, ಪಂಡಿತನೊಬ್ಬನಿಂದಲೂ ಆಗದು. ಇಬ್ಬರೂ ಒಂದೇ ಮಣೆಯ ಮೇಲೆ ಕುಳಿತುಕೊಳ್ಳಬೇಕು. ತಿದ್ದುವುದು ಮುಗಿವ ತನಕ ಹಳೆಯ ಕಡತವನ್ನೂ ಹಳೆಯ ಅಕ್ಷರರೂಪವನ್ನೂ ಎಸೆಯಕೂಡದು. ತಿದ್ದಿದ ಪ್ರತಿಗಳನ್ನು ಎರಡು ಬೇರೆ ಸ್ಥಳಗಳಲ್ಲಿ ಇಡಬೇಕು. ಒಂದು ಪ್ರತಿಯು ಕಾಗದದ ಮೇಲೆಯೂ ಇರಬೇಕು.

ಪೂರ್ವಾಚಾರ್ಯರು ಕೊರತೆಯ ಕಾಲದಲ್ಲಿ ತಮ್ಮ ಅಳವಿಗೆ ಎಟಕಿದುದನ್ನು ಮಾಡಿದರು. ಅವರು ಹೇಳಿದುದರಲ್ಲಿ ಹುರುಳುಂಟು; ತಪ್ಪಿ ಹೇಳಿದುದನ್ನು ಕೆಲವರು ತಾವೇ ಒಪ್ಪಿ ತಿದ್ದಿದರು. ಹೇಳದೆ ಬಿಟ್ಟುದು ಕನ್ನಡಿಗರ ಪಾಲಿಗೆ ಬಂದಿರುವುದು. ಅದನ್ನು ಹೇಳಿ ಮುಗಿಸುವ ಭಾರವು ಕನ್ನಡಿಗರದೇ. ಈ ಮಹೋತ್ಸವದ ವರ್ಷದಲ್ಲಿ ಪ್ರತಿಯೊಬ್ಬ ಶಿಷ್ಯನೂ ತನ್ನ ಮನೆಯಲ್ಲಿಯೂ ಊರಿನ ಮಠದಲ್ಲಿಯೂ ಇರುವ ಇಂತಹ ಒಂದೊಂದು ಕಡತವನ್ನಾದರೂ ತೆರೆದು ನೋಡುವಂತಾಗಲಿ.